ಅಯ್ಯಾಚಾಮಿ ಬಿಟ್ಟ ಒಂದೂವರೆ ಅಕ್ಷರ

ಶಿವಕಾಶಿಯಲ್ಲಿ ಮುಂದಿನ ವರ್ಷ ಎಲ್ಲರಿಗಿಂತ ಮೊದಲು ಬರುವುದು ಅಯ್ಯಾಚಾಮಿಗೆ. ಊರಿನವರು ಈ ವರ್ಷದ ಬಿಸಿಲಿಗೆ ಬೈಯುತ್ತ ಕೂತಿರುವಾಗ ಅವನು ಬರುವ ವರ್ಷದ ಪೊಂಗಲ್ ಮುಗಿಸಿ, ದೀಪಾವಳಿಯ ಎಣ್ಣೆಸ್ನಾನದ ಹೊತ್ತು ಸರಿಯಾಗಿದೆಯೇ ಎಂದು ನೋಡುತ್ತಿರುತ್ತಾನೆ. ಮಾಲೀಕ ಧನುಷ್ಕೋಡಿ ಮುದಲಾಳಿಯ ಅಚ್ಚುಕೂಟದಲ್ಲಿ, ದಿನಕ್ಕೊಂದು ಹಾಳೆ ಹರಿಯುವ ಗೋಡೆ ಕ್ಯಾಲೆಂಡರಿನ ಕರಡು ತಿದ್ದುವುದು ಅವನ ಕೆಲಸ. ಮುನ್ನೂರ ಅರವತ್ತೈದು ಹಾಳೆ. ಒಂದೊಂದರಲ್ಲೂ ತಿಥಿ, ನಕ್ಷತ್ರ, ರಾಹುಕಾಲ, ಯಮಗಂಡ, ಚಂದ್ರಾಷ್ಟಮ, ಕೆಳಗೊಂದು ನೀತಿಮಾತು. ಹಾಳೆ ಪಾಸಾದರೆ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಆ ‘ಸರಿ’ಯನ್ನು ಯಾರೂ ಪ್ರಶ್ನಿಸಿರಲಿಲ್ಲ.

ತಪ್ಪು ಕಂಡರೆ ಅವನಿಗೆ ಮೈಯೆಲ್ಲ ಉರಿ. ಮದುವೆ ಮನೆಗೆ ಹೋದರೆ ಊಟಕ್ಕೆ ಮೊದಲು ಲಗ್ನಪತ್ರಿಕೆ ತಿದ್ದಬೇಕು. ಒಮ್ಮೆ ಯಾರದೋ ಸಾವಿಗೆ ಹೋದವನು, ಗೋಡೆಗೆ ಹಚ್ಚಿದ ಕಣ್ಣೀರಂಜಲಿ ಪೋಸ್ಟರಿನಲ್ಲಿ, ತಮಿಳಿನ ಎರಡು ‘ರ’ಗಳಲ್ಲಿ ಸಣ್ಣ ‘ರ’ ಇರಬೇಕಾದ ಕಡೆ ದೊಡ್ಡ ‘ರ’ ಬಿದ್ದಿದೆ ಎಂದು ಹೆಣ ಎತ್ತುವ ಹೊತ್ತಿಗೆ ಜಗಳ ತೆಗೆದ. ಹೆಣವನ್ನು ಕೆಳಗಿಳಿಸಿ ಇವನನ್ನು ಸಮಾಧಾನ ಮಾಡಬೇಕಾಯಿತು. ಇಂಥ ಮನುಷ್ಯನ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಮಾರಿಕ್ಕನಿಯನ್ನು ನೀವು ಮೆಚ್ಚಬೇಕು. ಅವಳ ಹಾಲಿನ ಲೆಕ್ಕದ ಚೀಟಿಯನ್ನೂ ಇವನು ಬಿಟ್ಟವನಲ್ಲ.

ಮೇ ಕೊನೆಯ ಹೊತ್ತಿಗೆ, ವೈಕಾಸಿ ತಿಂಗಳಲ್ಲಿ, ಅಯ್ಯಾಚಾಮಿಯ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಎದ್ದಿತು. ಮೂರೇ ವಾರಕ್ಕೆ ಅದು ನಿಂಬೆಹಣ್ಣಾಯಿತು. ಮಧುರೆಯ ದೊಡ್ಡಾಸ್ಪತ್ರೆಯೊಂದರಲ್ಲಿ ಚೂರು ಕತ್ತರಿಸಿ ನೋಡಿದರು. ನಾಗರಕೋವಿಲ್ ಕಡೆಯ ಡಾಕ್ಟರ್ ಬೆನಿಟಾ, ಕ್ಯಾನ್ಸರ್ ಎಂದಿದ್ದ ವರದಿಯನ್ನು ಮುಂದಿಟ್ಟಾಗ ಅವನು ಅಭ್ಯಾಸಬಲದಿಂದ ಜೇಬಿನ ಕೆಂಪು ಪೆನ್ನು ತೆಗೆದ.

“ನಾನ್-ಹಾಡ್ಜ್‌ಕಿನ್ ಅಂದ್ರೇನಮ್ಮಾ?”

“ಹಾಡ್ಜ್‌ಕಿನ್ ಅನ್ನೋರು ಒಂದು ಜಾತಿ ಗಂಟು ಕಂಡುಹಿಡಿದ್ರು ಅಣ್ಣಾಚಿ. ನಿಮ್ಮದು ಅದಲ್ಲ.”

“ಅದಲ್ಲ ಅನ್ನೋದು ತಿಳೀತು. ಯಾವುದು ಅಂತ ಹೇಳಿ.”

“ಅದೇ ಹೆಸರು. ಹಾಡ್ಜ್‌ಕಿನ್ ಅಲ್ಲದ್ದು.”

“ಇದೆಂಥ ಹೆಸರಮ್ಮಾ! ನಾನು ಕ್ಯಾಲೆಂಡರಲ್ಲಿ ‘ಇವತ್ತು ಮಂಗಳವಾರ ಅಲ್ಲ’ ಅಂತ ಅಚ್ಚು ಹಾಕಿದ್ರೆ ಜನ ಕಲ್ಲು ಹೊಡೀತಾರೆ!”

ಮಾರಿಕ್ಕನಿಗೆ ಹೆಸರಿನ ಚಿಂತೆ ಇರಲಿಲ್ಲ. “ಜೋರಾಗಿ ಬೆಳೆಯೋ ಜಾತಿ ಅಂತ ಆ ನರ್ಸಮ್ಮ ಅಂದ್ರು. ನಮ್ಮ ಗತಿ ಏನು ತಾಯಿ?” ಎಂದು ಕೇಳಿದಳು. ಸೆರಗಿನ ತುದಿ ಆಗಲೇ ಬಾಯಿಗೆ ಹೋಗಿತ್ತು.

“ಜೋರಾಗಿ ಬೆಳೆಯೋದು ಒಂದು ಲೆಕ್ಕಕ್ಕೆ ಒಳ್ಳೇದೇ,” ಎಂದರು ಡಾಕ್ಟರು. “ಮೆಲ್ಲಗೆ ಬೆಳೆಯೋದೂ ಒಂದಿದೆ. ಅದು ವರ್ಷಗಟ್ಟಲೆ ಜೊತೇಲೇ ಇರುತ್ತೆ, ಮಲಗುತ್ತೆ, ಏಳುತ್ತೆ, ಪೂರ್ತಿ ಮನೆ ಖಾಲಿ ಮಾಡೋದು ಅಪರೂಪ. ನಮ್ಮ ಔಷಧಿ ಓಡೋರನ್ನ ಹೊಡೆಯುತ್ತೆ, ಕೂತೋರು ತಪ್ಪಿಸ್ಕೋತಾರೆ. ಇವರದು ಓಡೋ ಜಾತಿ. ಸುಮ್ಮನೆ ಬಿಟ್ರೆ ಕೆಲವೇ ತಿಂಗಳು. ಹಿಡಿದು ಹೊಡೆದ್ರೆ ಪೂರ್ತಿ ಹೋಗೋ ದಾರಿ ಇದೆ. ಆರು ಸುತ್ತು, ಇಪ್ಪತ್ತೊಂದು ದಿನಕ್ಕೊಂದು. ಇವರ ವಯಸ್ಸು, ರೋಗದ ಹಂತ ನೋಡಿದ್ರೆ, ಇಂಥ ಹತ್ತು ಜನರಲ್ಲಿ ಆರೇಳು ಜನ ಮತ್ತೆ ಆ ಗಂಟಿನ ಮುಖ ನೋಡಲ್ಲ. ಮಿಕ್ಕೋರಿಗೆ ವಾಪಸ್ ಬರುತ್ತೆ, ಬಂದ್ರೆ ಹೆಚ್ಚಾಗಿ ಎರಡು ವರ್ಷದೊಳಗೇ. ಆಗಲೂ ದಾರಿ ಇದೆ, ಕಷ್ಟದ ದಾರಿ.”

ಅಯ್ಯಾಚಾಮಿ ಬೆರಳು ಮಡಚಿ ನೋಡಿದ. “ಹತ್ತರಲ್ಲಿ ಮೂರು-ನಾಲ್ಕು ತಪ್ಪಾ? ಅಷ್ಟು ತಪ್ಪಿರೋ ಹಾಳೆಗೆ ನಾನು ಯಾವತ್ತೂ ‘ಸರಿ’ ಹಾಕಿಲ್ಲಮ್ಮಾ.”

“ನೀವು ಹಾಕೋದು ಬೇಡ, ನಾನು ಹಾಕ್ತೀನಿ. ನೀವು ದಿನಕ್ಕೆ ಸರಿಯಾಗಿ ಬನ್ನಿ, ಸಾಕು,” ಎಂದು ಡಾಕ್ಟರು ವರದಿಯನ್ನು ಅವನ ಪೆನ್ನಿನ ಕೆಳಗಿನಿಂದ ಎಳೆದುಕೊಂಡರು.

ದಿನಕ್ಕೆ ಸರಿಯಾಗಿ ಬರುವುದರಲ್ಲಿ ಮಾರಿಕ್ಕನಿ ಯಾರಿಗೂ ಕಡಿಮೆಯಿಲ್ಲ. ಆಡಿ ಮಾಸ ಹುಟ್ಟಿದ ಮೇಲೆ ಯಾವುದನ್ನೂ ಶುರು ಮಾಡಬಾರದು ಎಂದು, ಡಾಕ್ಟರು ಹೇಳಿದ್ದಕ್ಕಿಂತ ಒಂದು ವಾರ ಮೊದಲೇ, ಅದರ ಹಿಂದಿನ ಆನಿ ತಿಂಗಳ ಕೊನೆಯ ಸೋಮವಾರ, ಗಂಡನನ್ನು ಎಳೆದುಕೊಂಡು ಹೋಗಿ ಕೂರಿಸಿದಳು. ಕ್ಯಾಲೆಂಡರನ್ನು ನಾನು ಮುಂದೆ ಬೈಯುವವನಿದ್ದೇನೆ, ಆದ್ದರಿಂದ ಅದು ಉಳಿಸಿಕೊಟ್ಟ ಆ ಒಂದು ವಾರವನ್ನು ಇಲ್ಲೇ ಹೇಳಿಬಿಡುವುದು ನ್ಯಾಯ.

ಮೊದಲ ಸುತ್ತಿನಲ್ಲಿ ಬಾಟಲಿಗಳ ಮೇಲೆ ಬಾಟಲಿ ಇಳಿಯಿತು. ಅದರಲ್ಲೊಂದು ಕೆಂಪು ಔಷಧಿ. ತನ್ನ ಕೆಂಪು ಶಾಯಿಯನ್ನು ಯಾರೋ ಕದ್ದು ತನಗೇ ಏರಿಸುತ್ತಿದ್ದಾರೆ ಎಂದು ಅಯ್ಯಾಚಾಮಿ ಗೊಣಗಿದ. ಸಂಜೆ ಮೂತ್ರವೂ ಕೆಂಪಗೆ ಬಂದಾಗ ಅವನ ಅನುಮಾನ ಗಟ್ಟಿಯಾಯಿತು. ಮನೆಗೆ ಬಂದ ಮೇಲೆ ಐದು ದಿನ ನುಂಗಲು ಬಿಳಿ ಮಾತ್ರೆ. ಅಬ್ಬಬ್ಬಾ, ಆ ಮಾತ್ರೆ! ನುಂಗಿದವನಿಗೆ ನಿದ್ದೆಯಿಲ್ಲ, ಹಸಿವು ತಡೆಯಿಲ್ಲ, ಬಾಯಿಗೆ ಬೀಗವಿಲ್ಲ. ಸಾತೂರಿನ ಖಾರಾಸೇವು ಡಬ್ಬಗಟ್ಟಲೆ ತಿಂದ. ಟ್ರಂಕಿನಲ್ಲಿದ್ದ ಇಪ್ಪತ್ತು ವರ್ಷದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ತಿದ್ದಿದ. ಅವುಗಳಲ್ಲಿ ಎರಡು ಜೋಡಿ ಆಗಲೇ ಬೇರೆಯಾಗಿದ್ದವು, ಅವರ ಹೆಸರನ್ನೂ ಬಿಡಲಿಲ್ಲ. ನಾಲ್ಕನೆಯ ದಿನ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಸೀಮೆಸುಣ್ಣ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸುಗಳ ಬೋರ್ಡು ತಿದ್ದಲು ನಿಂತ. ಐದನೆಯ ದಿನ ಮಾತ್ರೆ ಮುಗಿಯಿತು. ಆರನೆಯ ದಿನ ಒದ್ದೆ ಗೋಣಿಚೀಲದ ಹಾಗೆ ಬಿದ್ದುಕೊಂಡ. ಕೂದಲು ಉದುರಿತು, ನಾಲಿಗೆ ರುಚಿ ಕೆಟ್ಟಿತು. ಆದರೆ ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಕುತ್ತಿಗೆಯ ನಿಂಬೆಹಣ್ಣು ಕರಗಿ, ಕೈಯಿಟ್ಟರೂ ಸಿಗದಂತಾಯಿತು. ಮಾರಿಕ್ಕನಿ ದಿನಕ್ಕೆ ಹತ್ತು ಸಲ ಕೈಯಿಟ್ಟು ನೋಡಿ ಹತ್ತು ಸಲವೂ ಕಣ್ಣು ಒರೆಸಿಕೊಂಡಳು.

ಮೂರನೆಯ ಸುತ್ತು ಆಡಿ ಕಳೆದು ಆವಣಿಯಲ್ಲಿ, ಒಂದು ಸೋಮವಾರ. ಅದಕ್ಕೆ ಮುಂಚಿನ ಗುರುವಾರ ಬೆಳಿಗ್ಗೆ ಮಾರಿಕ್ಕನಿ ತಾಳೆಬೆಲ್ಲದ ಕರುಪ್ಪಟ್ಟಿ ಕಾಫಿ ಕೊಟ್ಟು, ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ ಎತ್ತಿ ಮುಂದಿನ ದಿನಗಳನ್ನು ನೋಡುತ್ತಿದ್ದವಳು, “ಆತ್ತಾಡಿ!” ಎಂದು ಎದೆ ಹಿಡಿದುಕೊಂಡಳು.

“ಏನಾಯ್ತೇ?”

“ಸೋಮವಾರ ಹೋಗೋ ಹಾಗಿಲ್ಲ. ನಿಮಗೆ ಚಂದ್ರಾಷ್ಟಮ.”

ಹುಟ್ಟಿದ ರಾಶಿಗೆ ಎಂಟನೆಯ ಮನೆಯಲ್ಲಿ ಚಂದ್ರ ಬಂದು ಕೂರುವ ದಿನ ಅದು. ಆ ದಿನ ನಮ್ಮೂರಲ್ಲಿ ಜನ ಹೊಸ ಬನಿಯನ್ ಕೂಡ ಹಾಕುವುದಿಲ್ಲ. ಜಗಳವಾಡಬೇಕು ಎಂದು ಹೊರಟವನೂ ನಾಡಿದ್ದಿಗೆ ಮುಂದೂಡುತ್ತಾನೆ. ಅಯ್ಯಾಚಾಮಿ ಎದ್ದು ಬಂದು ಹಾಳೆ ನೋಡಿದ. ಸೋಮವಾರದ ನಕ್ಷತ್ರ: ಮಖಂ. ಚಂದ್ರಾಷ್ಟಮ: ಉತ್ತಿರಂ. ಉತ್ತಿರಂ ಅಂದರೆ ಉತ್ತರಾ, ಅವನ ನಕ್ಷತ್ರವೇ. ಮತ್ತೆ ಮೇಲಿನ ಸಾಲಿನಿಂದ ಓದಿದ. ಚಂದ್ರ ಮಖಂನಲ್ಲಿ ಇರುವಾಗ ಏಟು ಬೀಳುವುದು ಉತ್ತಿರಾಡಂನವರಿಗೆ, ಅಂದರೆ ಉತ್ತರಾಷಾಢದವರಿಗೆ. ಮೂವತ್ತೊಂದು ವರ್ಷ ತಿದ್ದಿದವನಿಗೆ ಅದು ನಿದ್ದೆಯಲ್ಲೂ ಗೊತ್ತು. ಉತ್ತಿರಾಡಂ ಎಂದು ಇರಬೇಕಾದಲ್ಲಿ ‘ರ’ವನ್ನು ‘ರಾ’ ಮಾಡುವ ಕಾಲೊಂದು, ‘ಡ’ ಅಕ್ಷರವೊಂದು ಬಿದ್ದುಹೋಗಿತ್ತು. ಒಂದೂವರೆ ಅಕ್ಷರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು, ಎಳೆದವನು ತಾನೇ.

ಮಾರಿಕ್ಕನಿ ಆಗಲೇ ಮುಂದಿನ ದಿನ ಎಣಿಸುತ್ತಿದ್ದಳು. “ಮಂಗಳವಾರವೂ ಅರ್ಧ ಅದೇ. ಜೊತೆಗೆ ಪಾಡ್ಯ. ಆಮೇಲೆ ಕರಿದಿನ, ಅದಾದ್ಮೇಲೆ ಅಷ್ಟಮಿ, ನವಮಿ. ಆಚೆ ಗುರುವಾರ ಹೋದ್ರಾಯ್ತು.”

ಅವಳೇ ಡಾಕ್ಟರಿಗೆ ಫೋನು ಹಚ್ಚಿದಳು. ಡಾಕ್ಟರು ಆ ಕಡೆಯಿಂದ, “ಒಂದು ದಿನ ಆಚೀಚೆ ಅಂದ್ರೆ ತಾಳ್ಕೋತೀನಿ ತಾಯಿ. ಹತ್ತು ದಿನ ಆಗಲ್ಲ. ಗಂಟು ಕೈಗೆ ಸಿಗಲ್ಲ ಅಂದ್ರೆ ಸತ್ತಿದೆ ಅಂತಲ್ಲ. ಇದು ಓಡೋ ಜಾತಿ, ಹತ್ತು ದಿನ ಬಿಟ್ರೆ ಎಷ್ಟು ದೂರ ಓಡುತ್ತೋ,” ಎಂದರು. ಮಾರಿಕ್ಕನಿ ಎಲ್ಲಕ್ಕೂ ಹೂಂ ಹೂಂ ಎಂದು, ಫೋನಿಟ್ಟು, “ಆಚೆ ಗುರುವಾರ,” ಎಂದಳು.

ಅಯ್ಯಾಚಾಮಿಗೆ ಎರಡು ದಾರಿ. ಬಾಯಿ ಮುಚ್ಚಿಕೊಂಡರೆ ಮೂವತ್ತೊಂದು ವರ್ಷದ ಹೆಸರು ಉಳಿಯುತ್ತದೆ, ಜೀವದ ಮಾತು ಹೇಳಲಾಗದು. ಬಾಯಿ ಬಿಟ್ಟರೆ ಹೆಸರು ಮಣ್ಣು. ಗಂಟಲು ಸರಿ ಮಾಡಿಕೊಂಡು ಹೇಳಿಯೇಬಿಟ್ಟ.

“ಮಾರಿ, ಅದು ಅಚ್ಚಿನ ತಪ್ಪು. ನಾನು ನೋಡ್ದೇ ಬಿಟ್ಟಿದ್ದು.”

ಮಾರಿಕ್ಕನಿ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. “ನೀವು? ತಪ್ಪು? ಇನ್ನೊಬ್ಬರ ಹೆಣದ ಮುಂದೆ ಸಣ್ಣ ರ, ದೊಡ್ಡ ರ ಅಂತ ಹೊಡೆದಾಡಿದೋರು ನೀವು. ಆಸ್ಪತ್ರೆಗೆ ಹೋಗೋ ಆಸೆಗೆ ಸುಳ್ಳು ಹೇಳ್ತೀರಾ?”

“ಆಸ್ಪತ್ರೆಗೆ ಹೋಗೋ ಆಸೆ ಯಾರಿಗಿರುತ್ತೇ, ಹುಚ್ಚಿ!”

“ನನ್ನಪ್ಪನ್ನ ಅವನ ಚಂದ್ರಾಷ್ಟಮದ ದಿನವೇ ವಿರುದುನಗರದ ಆಸ್ಪತ್ರೆಗೆ ಸೇರಿಸಿದ್ವಿ. ಕ್ಯಾಲೆಂಡರ್ ನೋಡು ಅಂತ ಅಮ್ಮ ಬಡ್ಕೊಂಡ್ಳು, ನಾನೇ ಕೇಳಲಿಲ್ಲ. ಸಂಜೆ ಬಟ್ಟೆ ಸುತ್ತಿ ಕೊಟ್ರು. ಇನ್ನೊಂದು ಸಲ ಆ ತಪ್ಪು ಮಾಡಲ್ಲ. ನಾನು ಈ ಕ್ಯಾಲೆಂಡರ್ ಯಾಕೆ ನಂಬ್ತೀನಿ ಹೇಳಿ? ಚಂದ್ರ ಹೇಳ್ತಾನೆ ಅಂತಲ್ಲ. ನೀವು ನೋಡಿದೀರಿ ಅಂತ.”

ಅಯ್ಯಾಚಾಮಿಗೆ ಕಣ್ಣು ತುಂಬಿ ಬಂತು, ಜೊತೆಗೆ ಸಿಟ್ಟೂ ಬಂತು. ಮಾಸ್ಕ್ ಏರಿಸಿಕೊಂಡು ಹೊರಟ. ಕ್ಷೌರದಂಗಡಿಯಲ್ಲಿ ರೈಲ್ವೆ ಗೇಟಿನ ಆಚೆಯವರು ಅಚ್ಚು ಹಾಕುವ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಸರಿಯಾಗಿ ‘ಉತ್ತಿರಾಡಂ’ ಎಂದಿತ್ತು. ಬೇಡಿಕೊಂಡು ಕಿತ್ತು ತಂದು ಹೆಂಡತಿಯ ಮುಂದೆ ಹಿಡಿದ.

“ಥೂ! ಗೇಟಾಚೆಯೋರದ್ದನ್ನ ಮನೆಯೊಳಗೆ ತಂದ್ರಾ?” ಎಂದಳು ಅವಳು. “ಅವರ ಕ್ಯಾಲೆಂಡರ್ ಹಪ್ಪಳ ಒಣಗಿಸೋಕೂ ನಾಲಾಯಕ್ಕು ಅಂತ ಮೂವತ್ತು ವರ್ಷ ಹೇಳಿದ್ದು ಯಾರು? ಅಮಾವಾಸ್ಯೆ ದಿನವೂ ಅದರಲ್ಲಿ ಚಂದ್ರ ಹುಟ್ತಾನೆ ಅಂದಿದ್ದು ಯಾರು?”

ಮಾಡಿದ್ದುಣ್ಣೋ ಮಹಾರಾಯ. ಜೋಯಿಸರ ಹತ್ತಿರ ಹೋದ. ಅವರು ಕಣ್ಣು ಮುಚ್ಚಿ, ಬೆರಳೆಣಿಸಿ, ತುಟಿ ಅಲುಗಿಸಿ, ಕೊನೆಗೆ ತಿರುಗಿ ತಮ್ಮ ಗೋಡೆಯ ಕ್ಯಾಲೆಂಡರ್ ನೋಡಿ, “ನಿಮಗೇ ಚಂದ್ರಾಷ್ಟಮ ಅಣ್ಣಾಚಿ, ಸಂಶಯವೇ ಇಲ್ಲ,” ಎಂದರು. ಆ ಗೋಡೆಯ ಮೇಲಿದ್ದದ್ದು ಅಯ್ಯಾಚಾಮಿ ತಿದ್ದಿದ ಕ್ಯಾಲೆಂಡರೇ.

ಶುಕ್ರವಾರ ಮುದಲಾಳಿಯ ಮುಂದೆ ನಿಂತ. ಮೂಲ ಹಸ್ತಪ್ರತಿ, ತನ್ನ ಸಹಿಯ ಕರಡು, ಎರಡನ್ನೂ ಒಂದು ದಿನಕ್ಕೆ ಕೊಡಬೇಕೆಂದು ಕೇಳಿದ. ಧನುಷ್ಕೋಡಿ ಮುದಲಾಳಿ ಎದ್ದು ಬಾಗಿಲು ಹಾಕಿ, ಕಿಟಕಿಯನ್ನೂ ಹಾಕಿದರು.

“ಲೇ ಅಯ್ಯಾಚಾಮಿ, ಮೆಲ್ಲಗೆ ಮಾತಾಡು. ಹದಿನೆಂಟು ಲಕ್ಷ ಮನೆ ಗೋಡೆ ಮೇಲಿದೆ ಅದು. ತಪ್ಪು ಅಂತ ಒಬ್ಬನಿಗೆ ತಿಳಿದ್ರೆ ಉತ್ತಿರಾಡಂನೋರೆಲ್ಲ ಮೆರವಣಿಗೆಯಲ್ಲಿ ಬರ್ತಾರೆ.”

“ನನ್ನ ಜೀವ ಹೋಗುತ್ತೆ ಮುದಲಾಳಿ.”

ಮುದಲಾಳಿ ನಿಜಕ್ಕೂ ಮರುಗಿದರು. ಕೆಟ್ಟವರಲ್ಲ, ಮೊದಲ ಸುತ್ತಿಗೆ ತಮ್ಮ ಕಾರನ್ನೇ ಕಳಿಸಿದವರು. ಬಹಳ ಹೊತ್ತು ಯೋಚಿಸಿ ಅವನ ಭುಜ ಹಿಡಿದರು. “ಹೀಗೆ ಮಾಡು. ನಿನ್ನ ನಕ್ಷತ್ರ ಬದಲಾಯಿಸ್ಕೋ. ನಿಮ್ಮಮ್ಮ ಹೆತ್ತಾಗ ಗಡಿಯಾರ ನಿಂತಿತ್ತು ಅನ್ನು. ಒಳ್ಳೇ ಜಾತಕ ನಾನೇ ಅಚ್ಚು ಹಾಕಿಸ್ಕೊಡ್ತೀನಿ, ಬಣ್ಣದಲ್ಲಿ. ಒಬ್ಬನ ನಕ್ಷತ್ರ ಬದಲಾಯಿಸೋದು ಸುಲಭವೋ, ಹದಿನೆಂಟು ಲಕ್ಷ ಕ್ಯಾಲೆಂಡರೋ, ನೀನೇ ಹೇಳು.”

ಅಯ್ಯಾಚಾಮಿ ಒಂದು ಗಳಿಗೆ ಒಪ್ಪಿಕೊಂಡೂ ಬಿಡುತ್ತಿದ್ದ. ಆದರೆ ಅವನ ನಕ್ಷತ್ರ ಮಾರಿಕ್ಕನಿಗೆ ಅವನಿಗಿಂತ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಅದರ ಹೆಸರಿನಲ್ಲಿ ಭದ್ರಕಾಳಿ ಕೋವಿಲಿನಲ್ಲಿ ಅರ್ಚನೆ ಮಾಡಿಸಿದವಳು.

ಶನಿವಾರ ಮಧ್ಯಾಹ್ನ ಮುದಲಾಳಿ ಊಟಕ್ಕೆ ಹೋದಾಗ ಅವನೇ ಹಳೆಯ ಕರಡುಗಳನ್ನು ಇಟ್ಟ ಅಟ್ಟ ಹತ್ತಿದ. ರಕ್ತದಲ್ಲಿ ಬಿಳಿಕಣ ಕಡಿಮೆ, ಧೂಳಿನ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಬರೆದು ಕೊಟ್ಟಿದ್ದರು. ಎರಡು ಮಾಸ್ಕು, ಅದರ ಮೇಲೆ ಟವೆಲು ಸುತ್ತಿಕೊಂಡ. ಬೋಳು ತಲೆ, ಸುತ್ತಿದ ಮುಖ ಕಂಡು ಅಚ್ಚಿನ ಮಷಿನ್ ಓಡಿಸುವ ಸೀನಿ ಕಳ್ಳ ಕಳ್ಳ ಎಂದು ಕೂಗಿ, ಆಮೇಲೆ ದನಿ ಗುರುತು ಹಿಡಿದು ಏಣಿ ಹಿಡಿದುಕೊಂಡ. ಕಟ್ಟು ಸಿಕ್ಕಿತು. ಅಂಗಿಯೊಳಗಿಟ್ಟುಕೊಂಡು, ತಾನೇ ತಿದ್ದಿದ ಕಾಗದವನ್ನು ತಾನೇ ಕದ್ದು ಮನೆಗೆ ಬಂದ.

“ತಗೋ, ನೋಡು. ಇದು ಪಂಚಾಂಗದವರು ಬರೆದು ಕೊಟ್ಟಿದ್ದು, ಉತ್ತಿರಾಡಂ. ಇದು ಅಚ್ಚಿನ ಕರಡು, ಉತ್ತಿರಂ. ಕೆಳಗೆ ‘ಸರಿ’ ಅಂತ ಬರೆದಿರೋ ಕತ್ತೆ ಯಾರು? ಓದು.”

ಮಾರಿಕ್ಕನಿ ಕನ್ನಡಕ ಹಾಕಿಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದಳು. ಸಹಿಯ ಮೇಲೆ ಬೆರಳಾಡಿಸಿದಳು. ಬೆರಳು ತಾರೀಖಿನ ಹತ್ತಿರ ನಿಂತಿತು.

“ಜುಲೈ ಇಪ್ಪತ್ತೆರಡು,” ಎಂದಳು. “ಹೋದ ವರ್ಷದ್ದು.”

“ಹೂಂ.”

“ಅವತ್ತು ನನ್ನ ಗರ್ಭಕೋಶ ತೆಗೆದ್ರು.”

ಅಯ್ಯಾಚಾಮಿ ಗೋಡೆ ನೋಡಿದ.

“ನಾಲ್ಕು ಗಂಟೆ ಒಳಗಿದ್ದೆ. ರಕ್ತ ನಿಲ್ತಿಲ್ಲ ಅಂತ ನಿಮ್ಮ ಹತ್ರ ಸಹಿ ತಗೊಂಡಿದ್ರಂತೆ. ಎಚ್ಚರ ಆದ್ಮೇಲೆ ಏನಂದ್ರಿ ನೀವು? ‘ನೀನು ಹಾಯಾಗಿ ಮಲಗಿದ್ದೆ, ನಾನು ವರಾಂಡದಲ್ಲಿ ಕೂತು ಅರವತ್ತು ಹಾಳೆ ಮುಗಿಸಿದೆ, ಒಳ್ಳೇ ಗಾಳಿ’ ಅಂದ್ರಿ. ಒಂದು ವರ್ಷ ಅದನ್ನೇ ನೆನೆಸ್ಕೊಂಡು ನಿಮ್ಮನ್ನ ಒಳಗೊಳಗೇ ಬೈದಿದೀನಿ. ಹೆಂಡ್ತಿ ಒಳಗೆ ಸಾಯ್ತಿರುವಾಗ ಅಕ್ಷರ ತಿದ್ದುತ್ತಿದ್ದ ಗಂಡಸು ಅಂತ.”

“ತಿದ್ದಿಲ್ಲ,” ಎಂದ ಅಯ್ಯಾಚಾಮಿ. ದನಿ ಕುಸಿದಿತ್ತು. “ಹಾಳೆ ನಾಲ್ಕು ಗಂಟೆಗೆ ಮಷಿನ್ನಿಗೆ ಹೋಗಬೇಕಿತ್ತು. ಸೀನಿ ಬಂದು ನಿಂತಿದ್ದ. ಅಕ್ಷರ ಒಂದೂ ಕಾಣ್ತಿರಲಿಲ್ಲ ಮಾರಿ. ಅರವತ್ತಕ್ಕೂ ಕಣ್ಣು ಮುಚ್ಚಿ ಸರಿ, ಸರಿ ಅಂತ ಬರೆದು ಕೊಟ್ಟೆ. ಅದನ್ನ ಯಾರ ಹತ್ರ ಹೇಳಲಿ?”

ಮಾರಿಕ್ಕನಿ ಕನ್ನಡಕ ತೆಗೆದಳು. ಜೋರಾಗಿ ಅತ್ತಳು, ಅಳುತ್ತಲೇ ಬೈದಳು. ಹಾಳಾದವನೇ, ಕಲ್ಲುಗುಂಡೇ, ಒಂದು ಮಾತು ಹೇಳಿದ್ದರೆ ನಿನ್ನ ಗಂಟಲಿಗೆ ಏನಾಗುತ್ತಿತ್ತು ಎಂದಳು. ಗಂಟಲಿನ ಮಾತು ಬಂದಕೂಡಲೇ ಕೈ ತಾನಾಗಿ ಅವನ ಕುತ್ತಿಗೆಗೆ ಹೋಯಿತು. ಮೂಗು ಒರೆಸಿಕೊಂಡು, “ಸೋಮವಾರ ಐದೂವರೆ ಬಸ್ಸು. ನಾಳೆಯೇ ಇಡ್ಲಿ ಹಿಟ್ಟು ರುಬ್ಬಿಡ್ತೀನಿ,” ಎಂದಳು.

ಸೋಮವಾರ ಒಂಬತ್ತಕ್ಕೆ ಮಧುರೆಯಲ್ಲಿ ಕುರ್ಚಿ ಸಿಕ್ಕಿತು, ಸೂಜಿ ಚುಚ್ಚಿದರು. ಕೆಂಪು ಔಷಧಿ ಇಳಿಯತೊಡಗಿದಾಗ ಮಾರಿಕ್ಕನಿಯ ಬಾಯಿ ಸುಮ್ಮನಿರಲಿಲ್ಲ. ಗಂಡ ತನಗೋಸ್ಕರ ಮಾಡಿದ ಒಂದೇ ಒಂದು ತಪ್ಪನ್ನು ಯಾರಿಗಾದರೂ ತೋರಿಸಿ ಮೆರೆಯದಿದ್ದರೆ ಅವಳಿಗೆ ಇಡ್ಲಿ ಅರಗುವಂತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ತೇನಿ ಕಡೆಯ ಒಬ್ಬಾಕೆ, ತಲೆಗೆ ಸ್ಕಾರ್ಫು ಕಟ್ಟಿಕೊಂಡು, ಅದೇ ಕೆಂಪು ಬಾಟಲಿಯ ಕೆಳಗೆ ಒಬ್ಬಳೇ ಕೂತಿದ್ದಳು.

“ಇವತ್ತಿನ ಕ್ಯಾಲೆಂಡರ್ ನೋಡಿದ್ಯಾ ತಾಯಿ? ಚಂದ್ರಾಷ್ಟಮ ಉತ್ತಿರಂ ಅಂತ ಹಾಕಿದಾರೆ. ಅದು ತಪ್ಪು. ಉತ್ತಿರಾಡಂ ಆಗಬೇಕು. ಯಾಕೆ ಅಂತ ಕೇಳು…”

“ಅಯ್ಯೋ ದೇವರೇ!” ಆಕೆ ಕುರ್ಚಿಯಿಂದ ಅರ್ಧ ಎದ್ದಳು. “ನಾನು ಉತ್ತಿರಾಡಂ! ನೋಡಿಕೊಂಡೇ ಬಂದೆನಲ್ಲ! ಸಿಸ್ಟರ್, ಇದನ್ನ ತೆಗೀರಿ, ನಾನು ಹೋಗ್ತೀನಿ!” ಇನ್ನೊಂದು ಕೈ ಸೂಜಿಯ ಅಂಟುಪಟ್ಟಿಯನ್ನು ಆಗಲೇ ಕೀಳುತ್ತಿತ್ತು.

“ಕೂತ್ಕೊಳ್ಳಮ್ಮಾ!” ಅಯ್ಯಾಚಾಮಿ ಗುಡುಗಿದ. ಇಡೀ ವಾರ್ಡು ತಿರುಗಿ ನೋಡಿತು. “ಆ ಕ್ಯಾಲೆಂಡರ್ ಕರಡು ನೋಡೋನು ನಾನೇ. ಮೂವತ್ತೊಂದು ವರ್ಷ ಆಯ್ತು. ಅದರಲ್ಲಿ ತಪ್ಪಿಲ್ಲ. ಇವಳಿಗೆ ಓದೋಕೆ ಬರಲ್ಲ, ಏನೋ ಬೊಗಳ್ತಾಳೆ.”

ಮಾರಿಕ್ಕನಿ ಬಾಯಿ ತೆರೆದಳು. ಆ ಹೆಂಗಸಿನ ಕೈಯ ಸೂಜಿ ನೋಡಿದಳು, ಇನ್ನೂ ಮುಕ್ಕಾಲು ಉಳಿದಿದ್ದ ಕೆಂಪು ಬಾಟಲಿ ನೋಡಿದಳು.

“ಹೌದು ತಾಯಿ,” ಎಂದಳು. “ನಂಗೆ ಕಣ್ಣು ಸರಿ ಇಲ್ಲ. ನಿಂದಲ್ಲ ಇವತ್ತು. ಉತ್ತಿರಂನೋರದ್ದೇ.”

ಹೆಂಗಸು ಮೆಲ್ಲಗೆ ಒರಗಿದಳು. ನರ್ಸು ಬಂದು ಪಟ್ಟಿ ಮತ್ತೆ ಅಂಟಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಆಕೆ ಅಯ್ಯಾಚಾಮಿಯ ಕಡೆ ಕಣ್ಣು ಹಾಯಿಸಿ, “ಅಣ್ಣಾಚಿ ಯಾವ ನಕ್ಷತ್ರ?” ಎಂದು ಕೇಳಿದಳು.

“ಉತ್ತಿರಂ,” ಎಂದಳು ಮಾರಿಕ್ಕನಿ.

“ಅಯ್ಯೋ! ಗೊತ್ತಿದ್ದೂ ಕರ್ಕೊಂಡು ಬಂದ್ರಾ ಅಕ್ಕಾ?”

“ಬರದೇ ಏನ್ಮಾಡೋದು ತಾಯಿ,” ಎಂದು ಮಾರಿಕ್ಕನಿ ಗಂಡನ ಕಾಲ ಮೇಲಿನ ಹೊದಿಕೆ ಸರಿಮಾಡಿದಳು. “ಇಪ್ಪತ್ತೊಂದು ದಿನ ಆಯ್ತಲ್ಲ.”